ಅವನ ದನಿಯಲ್ಲಿ ಅವಳ ಹೆಸರು

ಅವತ್ತು ಬೆಳಗ್ಗೆ ನಾನು ಹೆಂಡತಿಯ ಸೀರೆ ಬೀರುವಿನೊಳಗೆ ತಲೆ ತೂರಿಸಿಕೊಂಡು ಹಾಡುತ್ತಿದ್ದೆ. ಸೇಲಂನ ನಮ್ಮ ಬೀದಿಯಲ್ಲಿ ಎಡಬಲಕ್ಕೂ ಮಗ್ಗದ ಷೆಡ್ಡುಗಳು. ಕರೆಂಟು ಇರುವಷ್ಟು ಹೊತ್ತೂ ಟಕಟಕ ನಿಲ್ಲುವುದಿಲ್ಲ. ಹಾಡು ರೆಕಾರ್ಡು ಮಾಡುವಾಗ ಆ ಸದ್ದು ಮೈಕಿಗೆ ಬೀಳದ ಹಾಗೆ ಮಾಡಲು ನಾನು ಮಾಡದ ಸರ್ಕಸ್ಸಿಲ್ಲ. ಕಂಬಳಿ ಹೊದ್ದು ಹಾಡಿದೆ, ಉಸಿರು ಕಟ್ಟಿತು. ಅಕ್ಕಿ ಡ್ರಮ್ಮಿನೊಳಗೆ ಮೈಕು ಇಳಿಬಿಟ್ಟೆ, ಬಾವಿಗೆ ಬಿದ್ದವನು ಕೂಗಿದ ಹಾಗೆ ಕೇಳಿತು. ಕೊನೆಗೆ ಸೀರೆಗಳ ನಡುವೆ ಮಗ್ಗದ ಸದ್ದು ಅಡಗಿ ದನಿಯೊಂದೇ ಉಳಿಯಿತು. "ಯಾರಾದ್ರೂ ನೋಡಿದ್ರೆ ಕಳ್ಳ ಅಂದ್ಕೊಂಡಾರು" ಎಂದು ಹೆಂಡತಿ ಬೈದು ಕೆಲಸಕ್ಕೆ ಹೋದಳು. ಬೈಯಲಿ. ಹಾಡು ನನಗೆ ಕಸುಬಲ್ಲ, ಹುಚ್ಚು. ಹುಚ್ಚಿಗೆ ಬೈಗುಳ ಹೊಸದೇನಲ್ಲ.

ಆದರೆ ಅವತ್ತಿನ ಪ್ರಯೋಗಕ್ಕೆ ಬೇರೆಯೇ ಅವಸರವಿತ್ತು. ಕಾರಿಮಂಗಲಂ ಪಕ್ಕದ ಹಳ್ಳಿಯಲ್ಲಿರುವ ನನ್ನ ಬಾಲ್ಯದ ಗೆಳೆಯ ಮರುದಿನ ಆಪರೇಷನ್ನಿಗೆಂದು ಸೇಲಂನ ಆಸ್ಪತ್ರೆಗೆ ಸೇರಬೇಕಿತ್ತು. ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಇನ್ನು ಮೇಲೆ ಕತ್ತಿನ ತೂತಿನಿಂದ ಉಸಿರು, ಮಾತು ಇರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಮಾರ್ಗಳಿ ತಿಂಗಳಲ್ಲಿ, ಅಂದರೆ ಧನುರ್ಮಾಸದಲ್ಲಿ, ಬೆಳಗಿನ ಚಳಿಗೆ ಭಜನೆ ಹೊರಟರೆ ಬೀದಿಯ ಬಾಗಿಲುಗಳು ಅವನ ದನಿಗೇ ತೆರೆಯುತ್ತಿದ್ದವು. ನಾನು ಹಾರ್ಮೋನಿಯಂ, ಇನ್ನೊಬ್ಬ ಡೋಲಕ್ಕು. ನಾವಿಬ್ಬರೂ ಬರೀ ಪಕ್ಕವಾದ್ಯ. ಜನ ಬರುತ್ತಿದ್ದುದು ಅವನನ್ನು ಕೇಳಲು. ಹೋಗುವ ಮೊದಲು ಆ ದನಿಯನ್ನು ಹಿಡಿದಿಡಬೇಕು ಅಂತ ನನಗೆ ಹಟ. ಅವನಿಗೋಸ್ಕರ ಎಂದು ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೋಸ್ಕರ.

ಡೋಲಕ್ಕಿನ ಗೆಳೆಯ ಈಗ ಶಂಕಗಿರಿಯಲ್ಲಿ ಲಾರಿ ಓಡಿಸುತ್ತಾನೆ. ಲೋಡು ಇಳಿಸಿ ಕಂಬೈನಲ್ಲೂರಿನ ಮನೆಗೆ ಬಂದಿದ್ದವನು, ನಾನು ಸೇಲಂ ಬಸ್ಸಿನಿಂದ ಇಳಿಯುವ ಹೊತ್ತಿಗೆ ಧರ್ಮಪುರಿ ಬಸ್‌ಸ್ಟ್ಯಾಂಡಿಗೆ ಬೈಕು ತಂದಿದ್ದ.

"ಏನ್ಲಾ ಇಷ್ಟು ದೊಡ್ಡ ಬ್ಯಾಗು? ಅವನ ದನಿ ಇದ್ರಾಗೆ ಇಡಿಸ್ತದಾ?" ಎಂದ.

"ಹಾರ್ಮೋನಿಯಂ ಕಣ್ಲಾ, ಮೈಕೂ ಐತೆ" ಎಂದೆ. ಅವನು ನಕ್ಕ. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತೆ, ಬೈಕು ಕಾರಿಮಂಗಲಂ ಕಡೆಗೆ ಹೊರಟಿತು.

ಗೆಳೆಯ ಕತ್ತಿಗೆ ಟವೆಲ್ಲು ಸುತ್ತಿಕೊಂಡು ಜಗಲಿಯಲ್ಲಿ ಕೂತಿದ್ದ. "ವಾಂಗೊ ವಾಂಗೊ" ಎಂದು ತಮಿಳಿನಲ್ಲೇ ಬರಮಾಡಿಕೊಂಡ. ದನಿ ಗೋಡೆಗೆ ಮರಳು ಉಜ್ಜಿದ ಹಾಗಿತ್ತು. ಅವನ ಮುಖ ನೋಡಲಾಗದೆ ನಾನು ಒಳಕೋಣೆಯ ಕಿಟಕಿಗೆ ಕಂಬಳಿ ಕಟ್ಟಿದೆ, ಫ್ಯಾನು ನಿಲ್ಲಿಸಿದೆ, ಕೋಳಿಗಳನ್ನು ಹಿತ್ತಲಿಗೆ ಅಟ್ಟಿದೆ.

ಭಜನೆಯ ಹಾಡೊಂದನ್ನು ಎತ್ತಿಕೊಂಡ. ಎರಡನೇ ಸಾಲಿಗೇ ಕೆಮ್ಮು. ಶ್ರುತಿ ಇಳಿಸಿದೆ. ಮತ್ತೆ ಕೆಮ್ಮು. ಡೋಲಕ್ಕಿನವನು ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕುತ್ತ ತಲೆ ತಗ್ಗಿಸಿಕೊಂಡಿದ್ದ. ಇನ್ನೂ ಇಳಿಸೋಣವೆಂದು ನಾನು ಕೈ ಇಟ್ಟಾಗ ಗೆಳೆಯ ಹಾರ್ಮೋನಿಯಂನ ತಿದಿಯನ್ನೇ ಮುಚ್ಚಿಬಿಟ್ಟ.

"ಬುಡ್ಲಾ. ಆಡು ಮುಗೀತು."

ಅವನ ಹೆಂಡತಿ ಮಜ್ಜಿಗೆ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಲೋಟ ಕೊಡುತ್ತ ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು: "ಅಣ್ಣಾ, ಆಡು ಓಗ್ಲಿ. ನನ್ನ ಎಸರು ಒಂದು ಕಿತ ಕರೀಲಿ. ಅದ್ನ ಇಡ್ದು ಕೊಡಿ."

ನಮ್ಮ ಕಡೆಯ ಮನೆಗಳಲ್ಲಿ ಗಂಡನ ಹೆಸರನ್ನು ಹೆಂಡತಿ ಹೇಳುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಹೆಂಡತಿಯ ಹೆಸರನ್ನು ಗಂಡನೂ ಕರೆಯುವುದಿಲ್ಲ. ಮದುವೆಯಾದ ಹೊಸದರಲ್ಲಿ ಮನೆಯಲ್ಲಿ ತಾಯಿ ಇರುತ್ತಾಳೆ. ತಾಯಿಯ ಎದುರು ಹೆಂಡತಿಯ ಹೆಸರೆತ್ತಿದರೆ ಏನೋ ಮಾಡಬಾರದ್ದು ಮಾಡಿದ ಹಾಗೆ. ಹಾಗಾಗಿ "ಲೇ" ಎಂದು ಶುರುವಾಗುತ್ತದೆ, ಅದೇ ನಿಂತುಬಿಡುತ್ತದೆ. ನಾನೂ ನನ್ನ ಹೆಂಡತಿಯನ್ನು ಹಾಗೇ ಕರೆಯುವುದು. ಗೆಳೆಯನ ಹೆಂಡತಿಗೆ ಅಪ್ಪ ಅಮ್ಮ ಇಲ್ಲ, ತಮ್ಮಂದಿರಿಗೆ ಅಕ್ಕ, ಮಗಳಿಗೆ ಅಮ್ಮ. ಹೆಸರು ಹಿಡಿದು ಕೂಗುವುದು ರೇಷನ್ ಅಂಗಡಿಯವನೊಬ್ಬನೇ.

ಗೆಳೆಯರಿಬ್ಬರಿಗೂ ಕೇಳಿಸಿತ್ತು. ಅವಳ ಗಂಡ ನಾಚಿಕೆಯಿಂದ ಕಿವಿಯವರೆಗೂ ಕೆಂಪಾದ. "ತೂ! ಈ ವಯಸ್ನಾಗೆ... ವೆಕ್ಕಮಾಯ್ತದೆ ಕಣ್ಲಾ."

"ಏಳ್ಲಾ, ನಿನ್ನೆಂಡ್ತಿ ಎಸರು ಏಳೋಕೆ ಆರ್‌ಟಿಒ ಪರ್ಮಿಟ್ಟು ಬೇಕಾ?" ಎಂದ ಡೋಲಕ್ಕಿನವನು.

"ನಿಮ್ಮ ಮುಂದೆ ಆಗಾಕಿಲ್ಲ. ಎದ್ದೋಗ್ರಿ."

ರೆಕಾರ್ಡಿಂಗ್ ಶುರುಮಾಡಿಟ್ಟು, ಅವಳನ್ನು ಒಳಗೆ ಬಿಟ್ಟು, ಬಾಗಿಲು ಎಳೆದುಕೊಂಡು ನಾವಿಬ್ಬರೂ ಬೇವಿನ ಮರದಡಿ ಹೋಗಿ ಕೂತೆವು. ಡೋಲಕ್ಕಿನವನು ಕಡ್ಡಿಯಿಂದ ನೆಲ ಕೆರೆಯುತ್ತ, "ನಾನೂ ನಮ್ಮೋಳ ಎಸರು ಕರ್ದೇ ಇಲ್ಲ ಕಣ್ಲಾ. ಫೋನ್‌ನಾಗೂ 'ಮನೆ' ಅಂತ್ಲೇ ಇಕ್ಕಿವ್ನಿ" ಎಂದ.

ಸ್ವಲ್ಪ ಹೊತ್ತಿಗೆ ಗೆಳೆಯ ಹೊರಗೆ ಬಂದ. "ಆಯ್ತಾ?" ಎಂದೆ. "ಆಯ್ತು" ಎಂದ. ಅವಳು ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ನಾನು ನಂಬಿದೆ.

ಸಂಜೆ ಮನೆಗೆ ಬಂದು ಹೆಡ್‌ಫೋನು ಹಾಕಿಕೊಂಡು ಕೂತೆ. ಮೊದಲು ಬಾಗಿಲು ಎಳೆದ ಸದ್ದು. ಆಮೇಲೆ ಬರೀ ಉಸಿರು, ಅವನದು ಗೊರಗೊರ, ಅವಳದು ಸಣ್ಣಗೆ. "ಲೇ" ಎಂದ. ಅವಳು ಕಿಸಕ್ಕೆಂದು ನಕ್ಕಳು. "ನಗಬ್ಯಾಡ ಇರು" ಎಂದ. ಹೆಸರಿನ ಮೊದಲ ಅಕ್ಷರ ತುಟಿಗೆ ಬಂತು, ಕೆಮ್ಮು ಬಂತು. ಅವಳು ನೀರು ಕುಡಿಸಿದಳು. ಲೋಟ ಕೆಳಗಿಟ್ಟ ಸದ್ದು. ಎದೆಗೆ ತಾಗಿಕೊಂಡು ಮಾತಾಡುವ ಹಾಗೆ ಅವನು ಹೇಳಿದ್ದು ಇಷ್ಟೇ: "ನಾಳೆ ಏಳ್ತೀನಿ ಬುಡು. ನಾಳೇನೂ ದನಿ ಇರ್ತದಲ್ಲ."

ಅಯ್ಯೋ ಬಡ್ಡೀಮಗನೇ! ಹೆಡ್‌ಫೋನು ಕಿತ್ತು ಮಂಚದ ಮೇಲೆ ಎಸೆದೆ. ಸಿಟ್ಟು ಬಂತು, ಅಳುವೂ ಬಂತು. ನಾಳೆಯೊಂದು ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮರುದಿನ ಮೈಕು ಜೇಬಿನಲ್ಲಿಟ್ಟುಕೊಂಡೇ ಆಸ್ಪತ್ರೆಗೆ ಹೋದೆ. ವಾರ್ಡಿನಲ್ಲಿ ನೆಂಟರ ದಂಡು. ಅಕ್ಕಂದಿರು, ಭಾವ, ಎಲ್ಲಕ್ಕಿಂತ ಮಿಗಿಲಾಗಿ ಅವನ ತಾಯಿ. ಆ ಮುದುಕಿ ಮಗನ ಮಂಚಕ್ಕೆ ಅಂಟಿಕೊಂಡು ಕೂತುಬಿಟ್ಟಿದ್ದಳು. ಅವನ ಹೆಂಡತಿಯೊಬ್ಬಳನ್ನು ಬಿಟ್ಟು ಉಳಿದವರನ್ನೆಲ್ಲ ಟೀ ನೆಪದಲ್ಲಿ ಕೆಳಗೆ ಕಳಿಸಿದೆ. ಮುದುಕಿ ಬರಲಿಲ್ಲ. "ನನ್ನ ಮಗನ್ನ ಬುಟ್ಟು ಎಲ್ಲಿಗೂ ಬರಕ್ಕಿಲ್ಲ" ಎಂದಳು. ಹೆತ್ತವಳಿಗೆ ಯಾವ ಬಾಯಲ್ಲಿ ಎದ್ದು ಹೋಗು ಅನ್ನಲಿ? ಗೆಳೆಯ ಒಮ್ಮೆ ನನ್ನನ್ನು ನೋಡಿದ, ಒಮ್ಮೆ ತಾಯಿಯನ್ನು ನೋಡಿದ, ಸೂರು ನೋಡುತ್ತ ಮಲಗಿದ. ತಳ್ಳುಮಂಚ ಬಂದಾಗ ಹೆಂಡತಿ ಅದರ ಪಕ್ಕದಲ್ಲೇ ನಡೆದಳು, ಕಿವಿಯನ್ನು ಅವನ ಬಾಯಿಯ ಹತ್ತಿರಕ್ಕೆ ತಂದುಕೊಂಡು. ಇನ್ನೊಂದು ಪಕ್ಕದಲ್ಲಿ ತಾಯಿ ಅವನ ಕೈ ಹಿಡಿದುಕೊಂಡು ನಡೆಯುತ್ತಿದ್ದಳು. ಆಪರೇಷನ್ ಕೋಣೆಯ ಬಾಗಿಲು ಬಂತು. "ಬತ್ತೀನಿ" ಎಂದ. ಅದು ಎಲ್ಲರಿಗೂ ಹೇಳಿದ್ದು.

ಗಾಯ ಮಾಗಿ ಅವನು ಊರಿಗೆ ಹೋದ ಮೇಲೆ ನಾವಿಬ್ಬರೂ ನೋಡಲು ಹೋದೆವು. ಮಗಳು ಅವನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದಳು: ತಮಿಳಿನಲ್ಲಿ ಬರೆದು ಒತ್ತಿದರೆ ಫೋನು ಅದನ್ನು ಓದಿ ಹೇಳುತ್ತದೆ. ಮನೆಮಾತು ಕನ್ನಡವಾದರೂ ನಾವು ಬರೆಯಲು ಕಲಿತದ್ದು ತಮಿಳೇ. ಹುಡುಗಿಯ ದನಿ. ಚೊಕ್ಕವಾದ ತಮಿಳು. ನಮ್ಮನ್ನು "ವಾಂಗ, ಉಕ್ಕಾರುಂಗ" ಎಂದು ಕೂರಿಸಿದ್ದೂ ಆ ಹುಡುಗಿಯೇ. ಡೋಲಕ್ಕಿನವನು ನಗಲು ಹೋಗಿ ನಗಲಿಲ್ಲ.

ಹೆಂಡತಿ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಗೆಳೆಯ ನನ್ನ ಮುಖ ನೋಡಿದ. ಬೆರಳಿನಿಂದ ನಿಧಾನವಾಗಿ ಏನೋ ಬರೆದು ಒತ್ತಿದ. ಫೋನು ಅವಳ ಹೆಸರು ಕರೆಯಿತು.

ಹಿತ್ತಲಲ್ಲಿ ಪಾತ್ರೆಯ ಸದ್ದು ನಿಂತಿತು. ಅವಳು ಬರಲಿಲ್ಲ. ಅವನು ಮತ್ತೆ ಒತ್ತಿದ. ಅದೇ ಹುಡುಗಿ, ಅದೇ ರಾಗ, ಒಂದು ಎಳೆಯೂ ಹೆಚ್ಚುಕಡಿಮೆ ಇಲ್ಲ. ಮೂರನೆಯ ಸಲ ಒತ್ತುವ ಹೊತ್ತಿಗೆ ಅವಳು ಒದ್ದೆ ಕೈಯಲ್ಲೇ ಬಂದು ಫೋನನ್ನು ಅವನ ಕೈಯಿಂದ ತೆಗೆದು ಬೋರಲು ಹಾಕಿದಳು.

"ಇದ್ಯಾರೋ ಉಡುಗಿ ಕರೀತಾವ್ಳೆ. ಇವಳು ಕರೆದ್ರೆ ನಾನ್ಯಾಕೆ ಬರ್ಲಿ? ನೀವು ಸುಮ್ಕೆ ಕೈ ತಟ್ಟಿ, ಬತ್ತೀನಿ."

ಅವನು ಎರಡು ಕೈಯನ್ನೂ ಎತ್ತಿದ. ತಟ್ಟಲಿಲ್ಲ, ಮುಖ ಮುಚ್ಚಿಕೊಂಡ. ಅಳುತ್ತಿದ್ದಾನೆಂದು ನಮಗೆ ಗೊತ್ತಾದದ್ದು ಭುಜ ಅಲುಗಿದ್ದರಿಂದ. ಸದ್ದು ಮಾತ್ರ ಒಂದಿಷ್ಟೂ ಇರಲಿಲ್ಲ.