ಓಬಳಪ್ಪನ ಮಾಟಗಾತಿ

ನಿಡುಗಲ್ಲಿನ ಕುರಿಗಾಹಿ ಓಬಳಪ್ಪ ಚಿತ್ರ ಬರೆಯುವುದನ್ನು ಯಾರಿಂದಲೂ ಕಲಿತವನಲ್ಲ. ಅದನ್ನು ಅವನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ನೋಡಿದವರಿಗೇ ತಿಳಿಯುತ್ತಿತ್ತು. ಮುರಿದ ಬಾಗಿಲು, ಗಾಡಿಯ ಹಲಗೆ, ಸಿಕ್ಕ ಮರದ ಮೇಲೆಲ್ಲ ಮಸಿ, ಸುಣ್ಣ, ಕೆಮ್ಮಣ್ಣು ಬಳಿದ. ಹುಲಿ ಬರೆದರೆ ಊರವರು "ಬೆಕ್ಕು ಸಂದಾಗೈತೆ" ಎಂದರು. ರಾವಣನನ್ನು ಬರೆದರೆ "ಥೇಟ್ ಶಾನುಭೋಗರು" ಎಂದರು. ತನ್ನ ಚಿತ್ರ ನೋಡಿ ಜನ ಒಂದೇ ಒಂದು ಸಲ ಬೆಚ್ಚಿಬೀಳಬೇಕು, ಆಗ ತನ್ನನ್ನು ಚಿತ್ರಗಾರನೆಂದು ಒಪ್ಪಲೇಬೇಕು, ಇದೇ ಅವನ ಆಸೆ. ಹೆಂಡತಿ ಜುಂಜಮ್ಮನ ಆಸೆ ಇನ್ನೂ ಸಣ್ಣದು. ಗಂಡ ಕುರಿಗಳ ಕಡೆ ನೋಡಿದರೆ ಸಾಕಿತ್ತು.

೧೯೫೮ರಲ್ಲಿ ನಂದೀಶ್ವರಯ್ಯನ ಕಡಲೆಕಾಯಿ ಹೊಲ ಹುಲುಸಾಗಿ ಬಂತು. ಬೆಳೆ ಬಂದರೆ ಮನುಷ್ಯನಿಗೆ ನಿದ್ದೆ ಎಲ್ಲಿ ಬರುತ್ತೆ? ದೃಷ್ಟಿ ತಾಕೀತೆಂದು ಓಬಳಪ್ಪನನ್ನು ಕರೆಸಿದ.

"ಹೊಲದ ಬದಿನಾಗೆ ಇಡಾಕೆ ಒಂದು ಮಾಟಗಾತಿ ಬರಕೊಡ್ಲಾ. ಕಣ್ಣಾಕೋರು ನೋಡಿ ಅಲ್ಲೇ ಉಚ್ಚೆ ಉಯ್ಕಬೇಕು."

ಓಬಳಪ್ಪ ಜೀವ ತೇದು ಬರೆದ. ಕೆದರಿದ ಕೂದಲು, ಮೊಟ್ಟೆಯಷ್ಟು ಕಣ್ಣು, ಎದೆಗಿಳಿದ ಕೆಂಪು ನಾಲಿಗೆ, ದೆವ್ವಗಳಿಗಿರುವಂತೆ ಹಿಂದುಮುಂದಾದ ಪಾದ. ಹಲಗೆಯನ್ನು ಬದುವಿನ ಬೇವಿನ ಮರಕ್ಕೆ ಒರಗಿಸಿ, ಯಾರು ಕಿರುಚುತ್ತಾರೋ ಎಂದು ಪೊದೆಯ ಹಿಂದೆ ಕೂತ.

ಮೊದಲು ಬಂದವಳು ಕಳೆ ತೆಗೆಯುವ ಕ್ಯಾತಮ್ಮ. ಬೇವಿನ ಮರ, ಚಾಚಿದ ನಾಲಿಗೆ, ದೊಡ್ಡ ಕಣ್ಣು, ಇನ್ನೇನು ಬೇಕು? "ತಾಯಿ ಮಾರಮ್ಮ!" ಎಂದು ಕುಡುಗೋಲು ಕೆಳಗಿಟ್ಟು ಅಡ್ಡಬಿದ್ದಳು. ಸಂಜೆಯೊಳಗೆ ಊರಿನ ಹೆಂಗಸರೆಲ್ಲ ಅರಿಶಿನ, ಕುಂಕುಮ, ತೆಂಗಿನಕಾಯಿ ಹಿಡಿದು ಬಂದರು.

"ಅಯ್ಯೋ, ಅದು ಮಾರಮ್ಮ ಅಲ್ಲ ಕಣ್ರವ್ವ, ಮಾಟಗಾತಿ! ಪಾದ ನೋಡ್ರವ್ವ!" ಎಂದು ಓಬಳಪ್ಪ ಬಾಯಿ ಬಡಿದುಕೊಂಡ.

"ಅಮ್ಮ ನಿನ್ ಮ್ಯಾಲೆ ಮುನಿಸ್ಕಂಡು ಕಾಲು ತಿರುಗಿಸ್ಕಂಡವ್ಳೆ. ದೂರ ನಿಂತ್ಕ, ತಲೆಗ್ ನೀರ್ ಉಯ್ಕಳ್ದೆ ಮುಟ್ಬ್ಯಾಡ" ಎಂದು ಕ್ಯಾತಮ್ಮ ಗದರಿ, ಪಾದ ಮುಚ್ಚುವಂತೆ ಹಳದಿ ಸೀರೆ ಸುತ್ತಿದಳು. ಬರೆದವನಿಗೇ ಮಡಿ! ನಂದೀಶ್ವರಯ್ಯನ ಹತ್ತಿರ ದೂರು ಹೇಳಿದರೆ, ದೇವಿಯೇ ಬಿಟ್ಟಿ ಹೊಲ ಕಾಯುವಾಗ ಆ ಪುಣ್ಯಾತ್ಮನಿಗೇನು ಕಷ್ಟ? ತಾನೂ ಹೋಗಿ ಹಲಗೆಗೆ ಕೈಮುಗಿದ.

ಓಬಳಪ್ಪನ ಪಿತ್ತ ನೆತ್ತಿಗೇರಿತು. ಹಲಗೆ ಕಿತ್ತು ತರುತ್ತೇನೆಂದು ಮಾರನೆಯ ಬೆಳಗ್ಗೆ ಹೋದ. ಅಲ್ಲಿ ಜುಂಜಮ್ಮ ಒದ್ದೆ ಕೂದಲಲ್ಲಿ ಕಣ್ಣು ಮುಚ್ಚಿ ನಿಂತಿದ್ದಳು.

"ತಾಯಿ, ನನ್ ಗಂಡನ್ ಬಣ್ಣದ ಹುಚ್ಚು ಬುಡ್ಸವ್ವ. ಕುರಿ ತೋಳದ ಬಾಯಿಗೆ ಹೋಗ್ತಾವೆ, ನನ್ ಕೈಲಿ ಆಗಾಕಿಲ್ಲ. ಬುಡ್ಸಿದ್ರೆ ಹುಂಜ ಕೊಡ್ತೀನಿ" ಎಂದು ಅಳುತ್ತಿದ್ದಳು.

ಅವಳು ಅತ್ತದ್ದನ್ನು ಅವನು ಕಂಡೇ ಇರಲಿಲ್ಲ. ನಾಚಿಕೆಯಾಯಿತು. ಹಲಗೆಯನ್ನೊಮ್ಮೆ ನೋಡಿದ. ಆ ಕಣ್ಣು ಎಷ್ಟು ಚೆನ್ನಾಗಿ ಬಂದಿತ್ತು! ಸದ್ದಿಲ್ಲದೆ ಹಿಂದಿರುಗಿ ಕುರಿ ಹೊಡೆದುಕೊಂಡು ಹೋದ. ಮತ್ತೆಂದೂ ಬಣ್ಣ ಕಲಸಲಿಲ್ಲ.

ದೇವಿ ಬಲು ಸತ್ಯವಂತೆ ಎಂದು ಸುತ್ತಲ ಹಳ್ಳಿಗಳಿಗೆಲ್ಲ ಸುದ್ದಿ ಹಬ್ಬಿತು. ಹರಕೆಯ ಹುಂಜವನ್ನು ಕಂಕುಳಲ್ಲಿ ಹಿಡಿದು ಮುಂದೆ ನಡೆದವನು ಓಬಳಪ್ಪನೇ.