ಮಾವನವರ ಕಿವಿಗೆ ಒಪ್ಪಿದ ಕೂಲರ್

ನಮ್ಮ ಮನೆಯಲ್ಲಿ ನನ್ನ ಕಂಪ್ಯೂಟರಿಗೆ ಗಿರಣಿ ಎಂದು ಹೆಸರು. ಹೆಸರಿಟ್ಟವರು ನನ್ನ ಮಾವನವರು. ನಾನು ವಾಸ್ಕೋದ ಮನೆಯಲ್ಲೇ ಕೂತು ಪಣಜಿಯ ಒಂದು ಇಂಟೀರಿಯರ್ ಡಿಸೈನ್ ಆಫೀಸಿಗೆ ಚಿತ್ರ ಮಾಡಿಕೊಡುತ್ತೇನೆ. ಇನ್ನೂ ಕಟ್ಟದ ಅಡುಗೆಮನೆ, ಇನ್ನೂ ಯಾರೂ ಕೊಳ್ಳದ ಬಂಗಲೆ, ಅದರ ಕಿಟಕಿಯಿಂದ ನೆಲದ ಮೇಲೆ ಬೀಳುವ ಸುಳ್ಳು ಬಿಸಿಲು. ಈ ಸುಳ್ಳು ಬಿಸಿಲನ್ನು ಹುಟ್ಟಿಸುವುದು ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಕಾರ್ಡು. ಆ ಕೆಲಸ ಮಾಡುವಾಗ ಅದು ಕೆಂಡದಂತೆ ಕಾಯುತ್ತದೆ. ಕಾದಾಗ ಅದರ ಬೆನ್ನಿಗಿರುವ ಎರಡು ಪುಟ್ಟ ಫ್ಯಾನುಗಳು ಕಿರುಚಿಕೊಂಡು ತಿರುಗುತ್ತವೆ. ಮೊದಲೇ ಗೋವೆಯ ಸೆಕೆ, ಮೇಲೆ ಬಂದರಿನ ಕಡೆಯಿಂದ ಬರುವ ಕಲ್ಲಿದ್ದಲಿನ ಕಪ್ಪು ಧೂಳು. ನನ್ನ ಕಾರ್ಡು ಕಿರುಚದೆ ಇರುವ ದಿನವೇ ಇರಲಿಲ್ಲ.

"ಸುರು ಆತೇನ್ ಯವ್ವಾ ನಿನ್ನ ಗಿರಣಿ?" ಎಂದು ಕೇಳಿ ಮಾವನವರು ಬಲಗಿವಿಯಿಂದ ಕಿವುಡಿನ ಮಶೀನು ತೆಗೆಯುತ್ತಿದ್ದರು. ಅದನ್ನು ತಮ್ಮ ಹಳೆಯ ಸುಣ್ಣದ ಡಬ್ಬಿಯಲ್ಲಿ ಹಾಕಿ ಮುಚ್ಚಳ ಒತ್ತಿದರೆಂದರೆ ಆ ದಿನದ ಮಾತು ಮುಗಿಯಿತೆಂದೇ ಅರ್ಥ.

ಗದಗಿನ ಕಡೆಯಿಂದ ಹುಡುಗನಾಗಿದ್ದಾಗಲೇ ವಾಸ್ಕೋಗೆ ಬಂದವರು ಅವರು. ಬಂದರಿನಲ್ಲಿ ಹಡಗಿನ ಸರಕು ಎತ್ತುವ ವಿಂಚ್ ನಡೆಸುತ್ತಾ ಮುದುಕರಾದರು. ವಿಂಚು ಅವರ ಕಿವಿಗಳನ್ನು ತಿಂದುಹಾಕಿತು, ನಾಲಿಗೆಯನ್ನು ಮಾತ್ರ ಮುಟ್ಟಲಿಲ್ಲ. ನಾನು ಧಾರವಾಡದಿಂದ ಮದುವೆಯಾಗಿ ಬಂದಾಗ ಈ ಊರಿನಲ್ಲಿ ನನಗೆ ದಾರಿ ತೋರಿಸಿದ್ದು ಅವರ ಮಾತೇ. ಪಣಜಿ ಬಸ್ಸಿನಲ್ಲಿ ಯಾವ ಮಗ್ಗುಲಿಗೆ ಕೂತರೆ ಬಿಸಿಲು ತಾಗುವುದಿಲ್ಲ, ಯಾವ ಅಂಗಡಿಯಲ್ಲಿ ಖಡಕ್ ಜೋಳದ ರೊಟ್ಟಿ ಸಿಗುತ್ತದೆ, ಕೊಂಕಣಿಯಲ್ಲಿ ಚೌಕಾಶಿ ಹೇಗೆ ಮಾಡಬೇಕು, ಎಲ್ಲವನ್ನೂ ಅವರಿಂದಲೇ ಕಲಿತೆ. ಅತ್ತೆಯವರು ತೀರಿಕೊಂಡ ಮೇಲೆ, ಗಂಡ ಹಡಗುಕಟ್ಟೆಯ ಆಫೀಸಿಗೆ ಹೋದಾಗ ಮನೆಯಲ್ಲಿ ಉಳಿಯುವವರು ನಾವಿಬ್ಬರೇ. ನಾನು ಕೆಲಸ ಮಾಡುತ್ತಾ ಕೇಳುವುದು, ಅವರು ಕಾಲು ನೀಡಿ ಕೂತು ಹೇಳುವುದು, ನಮ್ಮ ಹಗಲು ಹೀಗೆ ಸಾಗುತ್ತಿತ್ತು.

ಕಿವಿಯ ಮಶೀನು ಬಂದಾಗ ಇನ್ನೇನು, ಮಾತಿಗೆ ಬರವಿಲ್ಲ ಎಂದುಕೊಂಡೆ. ಆದರೆ ಅದಕ್ಕೆ ಮಾತಿಗಿಂತ ನನ್ನ ಫ್ಯಾನುಗಳ ಕಿರುಚಾಟವೇ ಹೆಚ್ಚು ಪ್ರೀತಿ. ಆ ಸಪ್ಪಳವನ್ನು ಹಿಗ್ಗಿಸಿ ಹಿಗ್ಗಿಸಿ ಅವರ ತಲೆಯೊಳಗೆ ಸುರಿಯುತ್ತಿತ್ತು. ಪಾಪ, ಅವರಾದರೂ ಏನು ಮಾಡಿಯಾರು? ಡಬ್ಬಿಗೆ ಹಾಕುತ್ತಿದ್ದರು. ನಮ್ಮ ನಡುವೆ ಉಳಿದದ್ದು ಕೈಸನ್ನೆ, ಅದು ಸಾಲದಿದ್ದರೆ ಕೂಗಾಟ. ಬೆರಳು ಬಾಯಿಯ ಕಡೆ ತೋರಿಸಿದರೆ ಊಟ, ಹೆಬ್ಬೆರಳು ತುಟಿಗೆ ತಾಗಿಸಿದರೆ ಚಹಾ.

ತಪಾಸಣೆಗೆ ಹೋದಾಗ ಕಿವಿಯ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಮಶೀನನ್ನು ದಿನವಿಡೀ ಹಾಕಿಕೊಳ್ಳದಿದ್ದರೆ ಮಾತು ತಿಳಿಯುವ ರೂಢಿಯೇ ತಪ್ಪಿಹೋಗುತ್ತದಂತೆ. ಆಮೇಲೆ ಸದ್ದು ಕೇಳಿಸಿದರೂ ಮಾತು ತಿಳಿಯುವುದಿಲ್ಲವಂತೆ. ಮಾತು ತಿಳಿಯದ ಮಾವನವರನ್ನು ಊಹಿಸಿಕೊಳ್ಳಲು ನನ್ನಿಂದ ಆಗಲಿಲ್ಲ.

ಗಂಡ ಸುಲಭದ ಉಪಾಯ ಹೇಳಿದ. "ಅಪ್ಪಗ ಗ್ಯಾಲರಿಯೊಳಗ ಖುರ್ಚಿ ಹಾಕಿಕೊಡು. ಇಲ್ಲಾ, ನೀ ಬೆಡ್‌ರೂಮಿನ್ಯಾಗ ಬಾಗಲಾ ಹಾಕ್ಕೊಂಡು ಕೆಲಸ ಮಾಡು."

"ಒಳ್ಳೆ ಶಾಣ್ಯಾ ಅದೀರಿ," ಎಂದೆ. "ಅವರ ಜೋಡಿ ಮಾತಾಡಾಕಂತ ಅವರನ್ನ ಹೊರಗ ಕುಂದರಸಲೇನು?" ಆ ರಾತ್ರಿ ಪಲ್ಯಕ್ಕೆ ಖಾರ ಸ್ವಲ್ಪ ಜಾಸ್ತಿಯೇ ಬಿತ್ತು. ಬೇಕಂತಲೇ ಹಾಕಿದ್ದೆ.

ಕಾರ್ಡು ಬದಲಿಸುವಂತಿರಲಿಲ್ಲ, ಅದು ಕೆಲಸಕ್ಕೆ ಗಟ್ಟಿಯಾಗಿಯೇ ಇತ್ತು. ಅದರ ಬೆನ್ನಿನ ಕೂಲರ್, ಅಂದರೆ ಆ ಫ್ಯಾನುಗಳ ಜೋಡಣೆ, ಅದೊಂದನ್ನೇ ಕಿತ್ತು ಬೇರೆ ಕಂಪನಿಯದನ್ನು ಕೂರಿಸಬಹುದು ಎಂದು ಇಂಟರ್‌ನೆಟ್ಟಿನಲ್ಲಿ ಓದಿದೆ. ಓದುತ್ತಾ ಹೋದಂತೆ ತಲೆ ಚಿಟ್ಟು ಹಿಡಿಯಿತು. ನೀರು ಹರಿಸಿ ತಂಪು ಮಾಡುವುದೇ ಶ್ರೇಷ್ಠ ಎಂದು ಒಬ್ಬ. ಫ್ಯಾನೇ ಬೇಡ, ದೊಡ್ಡ ಲೋಹದ ಗಟ್ಟಿಯೊಂದೇ ಸಾಕು ಎಂದು ಇನ್ನೊಬ್ಬ. ಅವನು ವಾಸ್ಕೋದ ಮೇ ತಿಂಗಳನ್ನು ನೋಡಿರಲಿಕ್ಕಿಲ್ಲ. ಎಲ್ಲರೂ ಡಿಗ್ರಿ ಹೇಳುತ್ತಿದ್ದರು, ಡೆಸಿಬಲ್ ಹೇಳುತ್ತಿದ್ದರು. ಕಿವಿಯಲ್ಲಿ ಮಶೀನು ಹಾಕಿಕೊಂಡ ಹಿರಿಯರು ಪಕ್ಕದಲ್ಲಿ ಕೂತರೆ ಯಾವುದು ಚಲೋ ಎಂದು ಯಾವ ಪುಣ್ಯಾತ್ಮನೂ ಬರೆದಿರಲಿಲ್ಲ. ನನಗೆ ಸಿಟ್ಟು ಬಂತು. ಅಷ್ಟಕ್ಕೂ ಕೇಳಬೇಕಾದ ಕಿವಿ ಮನೆಯಲ್ಲೇ ಇದೆಯಲ್ಲ, ಅದನ್ನೇ ಕರೆದುಕೊಂಡು ಹೋದರಾಯಿತು ಎಂದು ತೀರ್ಮಾನಿಸಿದೆ.

ಕಾರ್ಡಿನ ಮುಖ್ಯ ಚಿಪ್‌ನ ಸುತ್ತ ನಾಲ್ಕು ಸ್ಕ್ರೂ ತೂತುಗಳಿವೆ. ಅವುಗಳ ನಡುವಿನ ಅಂತರ ಹೊಂದದಿದ್ದರೆ ಎಂಥ ಕೂಲರೂ ಕೂರುವುದಿಲ್ಲ. ಅದನ್ನು ಅಳೆದುಕೊಂಡು, ಕಾರ್ಡನ್ನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಮಾವನವರ ಜೊತೆ ಮಡಗಾಂವದ ಬಸ್ಸು ಹತ್ತಿದೆ. ಝುವಾರಿನಗರದಲ್ಲಿ ನಮ್ಮ ಕಡೆಯ ಮಂದಿ ಹತ್ತಿಕೊಂಡರು. ಮಾವನವರು ಪಕ್ಕದಲ್ಲಿ ನಿಂತವನಿಗೆ, "ಯಾವ ಊರ್ರಿ ನಿಮ್ಮದು?" ಎಂದು ಕೇಳಿದರು. ಬಸ್ಸಿನ ಗದ್ದಲಕ್ಕೆ ಮಶೀನು ಡಬ್ಬಿಯಲ್ಲಿತ್ತು. ಅವನು ಬಾದಾಮಿಯಿಂದ ಶುರು ಮಾಡಿ ತನ್ನ ಇಡೀ ಬಳಗದ ಕಥೆ ಹೇಳಿದ. ಇವರು ಒಂದಕ್ಷರ ಕೇಳಿಸದೆಯೂ "ಹೌದ್ರಿ, ಹೌದ್ರಿ" ಎಂದು ತಲೆಯಾಡಿಸುತ್ತಾ ಹೋದರು. ನನಗೆ ನಗುವೂ ಬಂತು, ಡಾಕ್ಟರ ಮಾತೂ ನೆನಪಾಯಿತು.

ಮಡಗಾಂವದ ಕಂಪ್ಯೂಟರ್ ಅಂಗಡಿಯವನು ಕೊಂಕಣಿಯವನು, ಆದರೆ ಗಿರಾಕಿಗಳಿಂದ ಕನ್ನಡ ಕಲಿತಿದ್ದ. ಕಾರ್ಡಿಗೆ ಹೊಂದುವ ಮೂರು ಕೂಲರುಗಳನ್ನು ಹೊರತೆಗೆದು, ಒಂದು ಪವರ್ ಸಪ್ಲೈ ಇಟ್ಟು, ಒಂದೊಂದಾಗಿ ಓಡಿಸಿ ತೋರಿಸುತ್ತೇನೆ ಎಂದ. ಮಾವನವರು ಮಶೀನು ಕಿವಿಗೇರಿಸಿ, ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ವಧುಪರೀಕ್ಷೆಗೆ ಬಂದ ಹಿರಿಯರ ಗತ್ತು.

ಮೊದಲು ಬಂದದ್ದು ನೀರಿನದು, ಇಂಟರ್‌ನೆಟ್ಟಿನವರ ಕಣ್ಮಣಿ. ನನಗಾಗಲೀ ಅಂಗಡಿಯವನಿಗಾಗಲೀ ಏನೂ ಕೇಳಿಸಲಿಲ್ಲ. ಮಾವನವರು ಮುಖ ಹಿಂಡಿದರು. "ಇದರ ಪಂಪು ಕುಂಯ್ ಅನ್ನಾಕತ್ತೈತಿ. ಒಲ್ಲೆ."

ಎರಡನೆಯದಕ್ಕೆ ಮೂರು ಸಣ್ಣ ಫ್ಯಾನು, ಬಣ್ಣಬಣ್ಣದ ದೀಪ. "ದೀಪ ಚಂದ ಅದಾವು. ಆದ್ರ ಸೀಟಿ ಹೊಡಿತೈತಿ."

ಮೂರನೆಯದು ದಪ್ಪನೆಯ ದಡೂತಿ. ತಾಮ್ರದ ಕೊಳವೆ, ಅದರ ಮೇಲೆ ನಿಕಲ್ ಲೇಪ, ಎರಡು ಅಗಲವಾದ ಫ್ಯಾನು. ನಮ್ಮ ಕಡಲ ಗಾಳಿಗೆ ಬರೀ ತಾಮ್ರ ಹಸಿರುಗಟ್ಟುತ್ತದೆ, ಲೇಪವಿದ್ದರೆ ಬಾಳುತ್ತದೆ ಎಂದು ಅಂಗಡಿಯವನು ವಿವರಿಸುತ್ತಿದ್ದ. ಅಷ್ಟರಲ್ಲಿ ಮಾವನವರು ಕಿವಿಯನ್ನು ಅದಕ್ಕೆ ಹತ್ತಿಸಿಯೇ ಬಿಟ್ಟಿದ್ದರು. ಕಣ್ಣು ಮುಚ್ಚಿ, ಮುಖವರಳಿಸಿ, "ಇದು ನೋಡ್ ಯವ್ವಾ! ಭಾಳ ಚಲೋ ಐತಿ. ಉಸರ ಸೈತ ಬಿಡಂಗಿಲ್ಲ," ಎಂದರು.

"ಅಜ್ಜಾ," ಎಂದ ಅಂಗಡಿಯವನು ಮೆಲ್ಲಗೆ, "ಅದಕ್ಕೆ ಇನ್ನೂ ಕರೆಂಟ್ ಕೊಟ್ಟಿಲ್ಲ."

ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಮಾವನವರು ಮಾತ್ರ ಸೋಲೊಪ್ಪಲಿಲ್ಲ. "ಕೊಡ್ರಿ ಮತ್ತ, ನೋಡೂಣು," ಎಂದರು.

ಫ್ಯಾನುಗಳು ನಿಧಾನವಾಗಿ ತಿರುಗಿದವು. ಮಾವನವರು ತಲೆ ವಾಲಿಸಿ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಅಂಗಡಿಯವನ ಕಡೆ ತಿರುಗಿ, "ನಿಮ್ಮದು ಖಾಸ್ ಮಡಗಾಂವನ ಏನ್ರಿ?" ಎಂದರು. ತನ್ನದು ಸಾವರ್ಡೆ, ಅಪ್ಪ ಗಣಿಯಲ್ಲಿ ಟ್ರಕ್ ಓಡಿಸುತ್ತಿದ್ದ ಎಂದು ಅವನು ಹೇಳಿದ. ಆ ಟ್ರಕ್ಕಿನ ಅದಿರು ನದಿಯಲ್ಲಿ ಬಾರ್ಜ್ ಎಂಬ ಸರಕು ದೋಣಿ ಹತ್ತಿ ಬಂದರಿಗೆ ಬರುತ್ತಿದ್ದ ಕಥೆಯನ್ನು ಇವರು ತೆಗೆದರು. ಅವನ ಪ್ರಶ್ನೆಗೆ ಇವರ ಉತ್ತರ, ಇವರ ಪ್ರಶ್ನೆಗೆ ಅವನ ಉತ್ತರ, ಒಂದೂ ತಪ್ಪಲಿಲ್ಲ. ಅವರ ಮೊಣಕೈ ಪಕ್ಕದಲ್ಲೇ ಫ್ಯಾನುಗಳು ತಿರುಗುತ್ತಿದ್ದವು. ಅವರಿಗೆ ಅವುಗಳ ನೆನಪೇ ಇರಲಿಲ್ಲ. ಮಾತಿನ ನಡುವೆ ಬಾಯಿ ಹಾಕದೆ, ನಾನು ಅಂಗಡಿಯವನಿಗೆ ಸನ್ನೆಯಲ್ಲೇ ಅದನ್ನು ಕಟ್ಟಿಕೊಡು ಎಂದೆ.

ದಡೂತಿಯನ್ನು ಕೂರಿಸುವುದು ಹೆಣಗಾಟವೇ ಆಯಿತು. ಹಳೆಯ ಕೂಲರ್ ಬಿಚ್ಚಿ, ಚಿಪ್ ಮೇಲೆ ಒಣಗಿ ಹಕ್ಕಳೆಯಾದ, ಶಾಖ ದಾಟಿಸುವ ಪೇಸ್ಟನ್ನು ಒರೆಸಿ, ಹೊಸದನ್ನು ಹಚ್ಚಿ, ಸಣ್ಣ ಚಿಪ್‌ಗಳ ಮೇಲೆ ಶಾಖ ಹೀರುವ ಬಿಲ್ಲೆ ಅಂಟಿಸಿದೆ. ಕ್ಯಾಬಿನೆಟ್ಟಿನೊಳಗೆ ಜಾಗ ಸಾಲದೆ ಒಂದು ಅಡ್ಡಪಟ್ಟಿಯನ್ನೇ ಕಿತ್ತೆ. ಇನ್ನೇನು ಸ್ವಿಚ್ ಒತ್ತಬೇಕು, ಮಾವನವರು ಕೈ ಅಡ್ಡ ಹಿಡಿದರು.

"ಪೂಜಾ ಆಗಲಾರದ ಹೊಸಾ ಮಶೀನ್ ಸುರು ಮಾಡ್ತಿಯೇನು?"

ಖಂಡೆ ನವಮಿಯ ಆಯುಧಪೂಜೆಗೆ ವಿಂಚಿಗೆ ಕಾಯಿ ಒಡೆದು, ವಿಭೂತಿ ಬಳಿದು, ಚೆಂಡುಹೂವಿನ ಸರ ಹಾಕಿಯೇ ಮುಟ್ಟಿದವರು ಅವರು. ನಾನು ಅಂಗಲಾಚಿದೆ. ಕಾಯಿಯ ನೀರು ಬೇಡ, ವಿಭೂತಿ ಬೇಡ, ಲೋಬಾನದ ಹೊಗೆಯಂತೂ ಬೇಡವೇ ಬೇಡ. "ಹಂಗಾರ ಒಂದ ಹೂವು ಏರಸ್ತೇನಿ," ಎಂದರು. ಹೂವಿನಿಂದ ಏನಾದೀತು ಎಂದು ಒಪ್ಪಿದೆ. ಚೆಂಡುಹೂವನ್ನು ಕ್ಯಾಬಿನೆಟ್ಟಿನ ಮೇಲೆ ಇಡುತ್ತಾರೆಂದುಕೊಂಡಿದ್ದೆ. ಅವರು ತೆರೆದ ಬಾಗಿಲಿನಿಂದ ಒಳಗೇ ಕೈ ಹಾಕಿ, ಕೂಲರಿನ ನೆತ್ತಿಗೇ ಇಟ್ಟು ಕೈ ಮುಗಿದರು. ಗಾಬರಿಯಾಗಿ ಹೂವು ತೆಗೆದು ಹೊರಗಿಟ್ಟೆ. ಬಾಗಿಲು ಮುಚ್ಚಿ, ಸ್ವಿಚ್ ಒತ್ತಿ, ಅತಿ ಭಾರದ ಚಿತ್ರವೊಂದನ್ನು ಓಡಲು ಬಿಟ್ಟೆ.

ತಿರುಗಿ ನೋಡಿದರೆ ಮಾವನವರು ಡಬ್ಬಿಯ ಮುಚ್ಚಳ ಒತ್ತುತ್ತಿದ್ದರು. ನಾನು ಸ್ವಿಚ್ ಮುಟ್ಟಿದ್ದೇ ತಡ, ಮಶೀನು ತೆಗೆದಿದ್ದರು! ಅಭ್ಯಾಸಬಲ. ನನಗೆ ಅಳು ಬರುವಂತಾಯಿತು. ಇಷ್ಟೆಲ್ಲ ಮಾಡಿದ್ದು ಯಾತಕ್ಕೆ? ಅವರ ಮುಂದೆ ಕೂತು, ಡಬ್ಬಿ ಬಿಚ್ಚಿ, ಮಶೀನನ್ನು ಅಂಗೈಯಲ್ಲಿಟ್ಟು ಚಾಚಿದೆ. ಒಲ್ಲದ ಮನಸ್ಸಿನಿಂದ ಕಿವಿಗೇರಿಸಿದರು. ಕಂಪ್ಯೂಟರಿನ ಕಡೆ ನೋಡಿದರು, ನನ್ನ ಕಡೆ ನೋಡಿದರು.

"ಸುರು ಮಾಡವಲ್ಲಿ?"

"ಸುರು ಆಗಿ ಆಗಲೇ ಭಾಳ ಹೊತ್ತಾತ್ರಿ ಮಾವಾರ."

ಅವರು ನಂಬಲಿಲ್ಲ. ಎದ್ದು ಬಂದು ಕ್ಯಾಬಿನೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಹುಬ್ಬು ಗಂಟಿಕ್ಕಿತು. "ಟಿಕ್ ಟಿಕ್ ಅನ್ನಾಕತ್ತೈತಿ ನೋಡು."

"ಏನೂ ಇಲ್ಲರಿ."

"ಐತಿ. ಖರೇನ ಐತಿ. ನಿನಗ ಕೇಳಸಂಗಿಲ್ಲೇನು?"

ನನಗೆ ಕೇಳಿಸುತ್ತಿರಲಿಲ್ಲ. ಆದರೂ ಕಂಪ್ಯೂಟರ್ ಆರಿಸಿ ಬಾಗಿಲು ತೆಗೆದೆ. ಚೆಂಡುಹೂವಿನ ಒಂದು ಎಸಳು ಫ್ಯಾನಿನ ಚೌಕಟ್ಟಿನಲ್ಲಿ ಸಿಕ್ಕಿಕೊಂಡು ರೆಕ್ಕೆಗೆ ತಾಗುತ್ತಿತ್ತು. ಚಿಮಟದಿಂದ ಎಳೆದು ತೋರಿಸಿದೆ. ತಮ್ಮ ಹೂವೇ ಎಂದು ನಾಚಿಕೊಳ್ಳುವ ಬದಲು ಅವರು ಎದೆಯುಬ್ಬಿಸಿದರು. "ನಾ ಇಲ್ಲದಿದ್ರ ನಿನಗ ಗೊತ್ತ ಆಗ್ತಿದ್ದಿಲ್ಲ!" ಹೂವು ಇಟ್ಟವರು ಯಾರು ಎಂದು ಕೇಳುವ ಮನಸ್ಸಾಗಲಿಲ್ಲ. ಅವರ ಹೆಮ್ಮೆಯನ್ನು ನೋಡುವುದೇ ಸೊಗಸಾಗಿತ್ತು.

ಆಮೇಲೆ ಮಾತು ಶುರುವಾಯಿತು. ಇಷ್ಟು ದಿನ ಬಾಕಿ ಉಳಿದದ್ದೆಲ್ಲ ಒಮ್ಮೆಗೇ ಬಂತು. ನಾನು ಸುಳ್ಳು ಬಿಸಿಲನ್ನು ಸರಿಮಾಡುತ್ತಾ "ಆಮ್ಯಾಲ?" ಎಂದರೆ ಸಾಕು, ಅವರು ಮುಂದುವರಿಸುತ್ತಿದ್ದರು. ಒಮ್ಮೆ ನಾನು ನನ್ನಷ್ಟಕ್ಕೇ ಗೊಣಗಿದ್ದಕ್ಕೂ ಉತ್ತರ ಬಂತು. ಪಣಜಿಗೆ ಆ ದಿನ ಕಳಿಸಬೇಕಾಗಿದ್ದ ಚಿತ್ರ ಹೋಗಲೇ ಇಲ್ಲ. ಕೆಲಸ ಕೆಟ್ಟಿದ್ದಕ್ಕೆ ಅಷ್ಟು ಖುಷಿಪಟ್ಟದ್ದು ಅದೇ ಮೊದಲು.

ಸಂಜೆ ಗಂಡ ಬಂದ. ಚಪ್ಪಲಿ ಬಿಡುತ್ತಲೇ ದಿನದಂತೆ ಗಂಟಲು ಹರಿಯುವ ಹಾಗೆ ಕೂಗಿದ. "ಅಪ್ಪಾ! ಚಹಾ ಕುಡದೀ ಏನು?"

ಮಾವನವರು ಬೆಚ್ಚಿ ಕಿವಿ ಮುಚ್ಚಿಕೊಂಡರು. "ಯಾಕೋ ಹಿಂಗ ಒದರ್ತಿ? ನಾ ಏನ್ ತಪ್ಪ ಮಾಡೇನಿ?"

ಗಂಡ ನನ್ನ ಮುಖ ನೋಡಿದ. ಇಷ್ಟು ಕಾಲ ಈ ಮನೆಯಲ್ಲಿ ಅವರಿಗೆ ಹೇಳಿದ ಮಾತೆಲ್ಲ, ಊಟಕ್ಕೆ ಕರೆದದ್ದೂ, ಮೈ ಹುಷಾರಾ ಎಂದು ಕೇಳಿದ್ದೂ, ಬೈಗುಳದ ದನಿಯಲ್ಲೇ ಅವರನ್ನು ಮುಟ್ಟುತ್ತಿತ್ತೆಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಗಂಡ ಹೋಗಿ ಅಪ್ಪನ ಪಕ್ಕದಲ್ಲಿ ಕೂತ.

"ಚಹಾ ಕುಡದೀ ಏನಪ್ಪಾ?" ಎಂದು ಮೆಲ್ಲಗೆ ಕೇಳಿದ.

"ಇಲ್ಲೋ," ಎಂದರು ಮಾವನವರು, ಅಷ್ಟೇ ಮೆಲ್ಲಗೆ. "ನಿನ್ನ ದಾರಿ ನೋಡಾಕತ್ತಿದ್ದೆ."