ಕಲ್ಲು ಬೆಂಚಿನ ಮೇಲೊಂದು ಟವಲ್

ನಮ್ಮ ಮೂವರು ಹಳೆಯ ಸಹಪಾಠಿಗಳ ವಾಟ್ಸಾಪ್ ಗುಂಪಿಗೆ ನಾನು ವಿಧಿಸಿದ ನಿಯಮ ಒಂದೇ: ಪೂರ್ತಿ ಓದದೆ ಏನನ್ನೂ ಕಳಿಸಬಾರದು. ಹೂವಿನ ಚಿತ್ರದ ಶುಭೋದಯ ಬೇಡ, ಮನೆಮದ್ದು ಬೇಡ, ರಾಜಕೀಯ ಬೇಡ. ಓದಿದ ಮೇಲೆ ಒಂದು ಗಳಿಗೆ ಸುಮ್ಮನೆ ಕೂರಿಸುವಂಥದ್ದು ಸಿಕ್ಕಿದರೆ ಮಾತ್ರ ಹಂಚಿಕೊಳ್ಳಬೇಕು. ಈ ನಿಯಮವನ್ನು ಪಾಲಿಸಿದವನು ಮಾಗಡಿಯ ಗೆಳೆಯ. ರೈಲೇ ಇಲ್ಲದ ಊರಿನಲ್ಲಿ ಕುಳಿತು ಅವನು ಲೋಕದ ರೈಲುಗಳ ವಿಚಾರವನ್ನೆಲ್ಲ ಓದುತ್ತಾನೆ. ಮುರಿದವನು ಚನ್ನಪಟ್ಟಣದವನು. ಗೊಂಬೆ ಕಡೆಯುವ ಲೇತಿನ ಮುಂದೆ ಕೂತಿದ್ದಂತೆಯೇ, ನಾವು ಕಳಿಸಿದ್ದನ್ನು ತೆರೆಯದೆ, ಹೆಬ್ಬೆರಳೆತ್ತಿದ ಚಿತ್ರವನ್ನು ಒತ್ತಿಬಿಡುತ್ತಾನೆ. ರಸ್ತೆ ದಾಟುವ ವೃದ್ಧರ ನಡಿಗೆಗೆ ತಕ್ಕಂತೆ ಸಿಗ್ನಲ್ ದೀಪಗಳನ್ನು ಹೊಂದಿಸಬೇಕೆಂಬ ದೀರ್ಘ ಲೇಖನವೊಂದನ್ನು ನಾನು ಕಳಿಸಿದ ಮರುಕ್ಷಣವೇ ಅವನ ಹೆಬ್ಬೆರಳು ಬಂದಿತ್ತು. ಅಷ್ಟು ಹೊತ್ತಿನಲ್ಲಿ ಅದರ ಶೀರ್ಷಿಕೆಯನ್ನೂ ಓದಿ ಮುಗಿಸಲಾಗದು. ಅದನ್ನು ನಾನು ಮರೆತಿಲ್ಲ.

ಬೆಂಚಿನ ಸುದ್ದಿ ಬಂದದ್ದು ಮಾಗಡಿಯವನಿಂದ. ಪರದೇಶದ ಯಾವುದೋ ಹಳ್ಳಿಗಳಲ್ಲಿ ಬಸ್ಸು ಕಡಿಮೆಯಾದಾಗ ಜನ ರಸ್ತೆಯ ಬದಿಗೆ ಒಂದೊಂದು ಬೆಂಚು ಹಾಕಿಸಿಕೊಂಡರಂತೆ. ಪೇಟೆಗೆ ಹೋಗಬೇಕಾದವರು ಅದರ ಮೇಲೆ ಕೂರುತ್ತಾರೆ. ಆ ದಾರಿಯಲ್ಲಿ ಗಾಡಿ ಓಡಿಸಿಕೊಂಡು ಬರುವವರು ನೋಡಿ, ನಿಲ್ಲಿಸಿ, ಹತ್ತಿಸಿಕೊಳ್ಳುತ್ತಾರೆ. ಕೈ ಅಡ್ಡ ಹಾಕುವಂತಿಲ್ಲ, ಅಂಗಲಾಚುವಂತಿಲ್ಲ. ಕೂತದ್ದೇ ಕೇಳಿದಂತೆ.

ನಾನು ಅದನ್ನು ಎರಡು ಸಲ ಓದಿದೆ. ಕಾರಣ ಅಡುಗೆಮನೆಯಲ್ಲಿತ್ತು. ಕೋಡಿಹಳ್ಳಿಯ ಕಡೆ ಇರುವ ನಮ್ಮ ಮನೆಯಲ್ಲಿ ನಾನು, ನನ್ನ ಅಕ್ಕ ಇಬ್ಬರೇ. ಹಿಂದಿನ ಬೇಸಿಗೆಯಲ್ಲಿ ಅವಳು ಕೊಟ್ಟಿಗೆಯಲ್ಲಿ ಜಾರಿ ಭುಜ ಮುರಿದುಕೊಂಡಿದ್ದಳು. ಮೂಳೆ ಕೂಡಿತು, ತೋಳು ಏಳಲಿಲ್ಲ. ವಾರಕ್ಕೆರಡು ಸಲ ಕನಕಪುರದ ಆಸ್ಪತ್ರೆಗೆ ಬಂದು ವ್ಯಾಯಾಮ ಮಾಡಿಸಿಕೊಳ್ಳದಿದ್ದರೆ ಕೈ ಹಾಗೆಯೇ ಬಿಗಿದುಕೊಳ್ಳುತ್ತದೆ ಎಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದರು. ಅಟ್ಟಣಿಗೆಯ ಮೇಲಿನ ರಾಗಿಹಿಟ್ಟಿನ ಡಬ್ಬಿಯನ್ನು ಆಗ ನಾನೇ ಇಳಿಸಿಕೊಡುತ್ತಿದ್ದೆ. ಅವಳು ಮುಖ ಆಚೆ ತಿರುಗಿಸಿಕೊಂಡು ತೆಗೆದುಕೊಳ್ಳುತ್ತಿದ್ದಳು.

ಆ ಹೊತ್ತಿಗೇ ಹತ್ತು ಗಂಟೆಯ ಬಸ್ಸು ನಿಂತುಹೋಯಿತು. ಊರಿನ ಒಂದೇ ಆಟೋ ಶಾಲೆಯ ಮಕ್ಕಳನ್ನು ತುಂಬಿಕೊಂಡು ಹೋದರೆ ಸಂಜೆಯವರೆಗೆ ಬಾರದು. ನನಗೆ ಗಾಡಿ ಓಡಿಸಲು ಬಾರದು. ಹೋಗುವ ಬರುವ ಬೈಕುಗಳಿಗೇನೂ ಕೊರತೆಯಿರಲಿಲ್ಲ. ಆದರೆ ಒಂದು ದಿನ ಅಕ್ಕ ನಮ್ಮ ಚಿಕ್ಕಪ್ಪನ ಮಗನಿಗೇ ಕೈ ಅಡ್ಡ ಹಾಕಿ ಕರೆದುಕೊಂಡು ಹೋಗು ಎಂದಿದ್ದಳು. "ಅರ್ಜೆಂಟ್ ಐತೆ ಅಕ್ಕಯ್ಯ, ನಾಳೀಕೆ ನೋಡವ" ಎಂದು ಹೊರಟವನು ತಿರುವಿನಾಚೆಯ ಟೀ ಅಂಗಡಿಯ ಮುಂದೆ ಬೈಕು ನಿಲ್ಲಿಸಿ, ಕಾಲ ಮೇಲೆ ಕಾಲು ಹಾಕಿ ಕೂತದ್ದನ್ನು ಅವಳು ಕಣ್ಣಾರೆ ಕಂಡಳು. ಮನೆಗೆ ಬಂದು ಹೇಳಿದ್ದು ಇಷ್ಟೇ: "ಕೈ ಒಂಟೋಗ್ಲಿ. ಇನ್ ಯಾರ್ನೂ ಕೇಳಾಕಿಲ್ಲ." ಆ ಮನುಷ್ಯನ ಮನೆಯ ಯಾವ ಕಾರ್ಯಕ್ಕೂ ಅಂದಿನಿಂದ ನಾನು ಹೋಗಿಲ್ಲ.

ಆದ್ದರಿಂದ ಆ ಬೆಂಚು ನನಗೆ ಸಾರಿಗೆಯ ವಿಷಯವಾಗಿ ಕಾಣಲಿಲ್ಲ. ಕೇಳುವ ನೋವಿಲ್ಲದೆ ಪಡೆಯುವ ಉಪಾಯವಾಗಿ ಕಂಡಿತು. ಕಲ್ಲು ಕ್ವಾರಿಯ ಬಳಿ ಅಂಚು ಒಡೆದು ಬಿದ್ದಿದ್ದ ಚಪ್ಪಡಿಯೊಂದನ್ನು ಕೇಳಿ ತರಿಸಿ, ನಮ್ಮ ಊರಿನ ಗೇಟಿನಲ್ಲಿ, ಅಂದರೆ ಊರ ದಾರಿ ದೊಡ್ಡ ರಸ್ತೆಗೆ ಕೂಡುವಲ್ಲಿ, ಹೊಂಗೆಮರದ ಕೆಳಗೆ ಕೂರಿಸಿದೆ. ಮಟ್ಟ ಹಿಡಿದು ನೋಡಿದೆ, ಕೂದಲೆಳೆಯಷ್ಟೂ ಓರೆಯಿರಲಿಲ್ಲ.

ಅದೇ ತಪ್ಪಾಯಿತೇನೋ. ಬೆಂಚು ಬಹಳ ಚೆನ್ನಾಗಿತ್ತು. ಡೈರಿಗೆ ಹಾಲು ಹಾಕಿ ಬಂದವರು ಅಲ್ಲಿಯೇ ಕೂತರು. ಕುರಿ ಬಿಟ್ಟವರು ಕೂತರು. ಅಲ್ಲಿ ಕೂತವರನ್ನು ಹತ್ತಿಸಿಕೊಳ್ಳಬೇಕೆಂದು ನಾನು ಮೊದಲೇ ಹೇಳಿಟ್ಟಿದ್ದರಿಂದ ಮೊದಮೊದಲು ಬೈಕಿನವರು ನಿಜಕ್ಕೂ ನಿಲ್ಲಿಸಿದರು.

"ಬತ್ತೀರೇನಣ್ಣ, ಕನಕಪುರಕ್ಕೆ?"

"ಯಾಕ್ಲಾ? ಸುಮ್ಕೆ ಕುಂತಿದೀವಿ, ಓಗು."

"ಮತ್ಯಾಕ್ ಕುಂತಿದೀರಿ ಇಲ್ಲಿ?"

"ಕುಂತ್ಕೊಳಾಕೂ ನಿನ್ ಪರ್ಮಿಶನ್ ಬೇಕೇನ್ಲಾ?"

ಇಂಥ ಉತ್ತರ ಕೇಳಿ ಕೇಳಿ ಬೈಕಿನವರು ನಿಲ್ಲಿಸುವುದನ್ನೇ ಬಿಟ್ಟರು. ಒಂದು ಬೆಳಿಗ್ಗೆ ಅಕ್ಕ ಅದೇ ಬೆಂಚಿನ ತುದಿಯಲ್ಲಿ ಆಸ್ಪತ್ರೆಯ ಚೀಟಿ ಹಿಡಿದು ಕೂತಿದ್ದಳು. ಅವಳೂ ಸುಮ್ಮನೆ ಕೂತವಳೆಂದೇ ಎಲ್ಲರೂ ಭಾವಿಸಿ ಮುಂದೆ ಹೋದರು. ಮಧ್ಯಾಹ್ನ ಎದ್ದು ಮನೆಗೆ ಬಂದಳು.

ನಡೆದದ್ದನ್ನು ಗುಂಪಿನಲ್ಲಿ ಬರೆದೆ. ಎಂದೂ ಒಂದು ಸಾಲು ಬರೆಯದ ಚನ್ನಪಟ್ಟಣದವನು ಅಂದು ಬರೆದ: "ಕಲ್ಲಾಯ್ತು, ನೆಳ್ಳಾಯ್ತು. ಇಸ್ಪೀಟ್ ಎಲೆ ನಾನ್ ಕಳ್ಸ್ಲೇನ್ಲಾ?" ಮಾಗಡಿಯವನು ಅದಕ್ಕೆ ನಗುವ ಮುಖ ಹಾಕಿದ. ನಾನು ಹಲವು ದಿನ ಇಬ್ಬರಿಗೂ ಏನೂ ಬರೆಯಲಿಲ್ಲ.

ಆ ಮೌನದಲ್ಲಿ ಯೋಚಿಸಲು ಸಮಯ ಸಿಕ್ಕಿತು. ವಿಚಾರವೊಂದು ಫೋನಿನೊಳಗೆ ಬಂದು ಬೀಳುತ್ತದೆ. ಅದು ಹುಟ್ಟಿದ ಊರಿನ ಜನರ ಅಭ್ಯಾಸಗಳು ಅದರ ಜೊತೆ ಬರುವುದಿಲ್ಲ. ಅಲ್ಲಿ ರಸ್ತೆಬದಿಯಲ್ಲಿ ಕೂತವನು ಎಲ್ಲಿಗೋ ಹೋಗಬೇಕಾದವನೇ ಇರಬೇಕು. ನಮ್ಮಲ್ಲಿ ಕೂರುವುದೇ ಒಂದು ಕೆಲಸ, ಅದಕ್ಕೆ ಬೇರೆ ಕಾರಣ ಬೇಕಿಲ್ಲ. ಹೋಗುವವರನ್ನೂ ಕೂತವರನ್ನೂ ಬೇರ್ಪಡಿಸುವ ಗುರುತು ನಮ್ಮದೇ ಆಗಿರಬೇಕಿತ್ತು. ಫಲಕ ಬರೆಸುವುದೆಂದು ನಿಶ್ಚಯಿಸಿ ಒಕ್ಕಣೆಯನ್ನು ತಿದ್ದುತ್ತಿದ್ದಾಗ ಅಕ್ಕ ಬಂದು ಓದಿಸಿಕೊಂಡಳು.

"ಇಷ್ಟುದ್ದ ಯಾವನ್ಲಾ ನಿಂತ್ಕಂಡ್ ಓದಾನು? ಬಸ್ನಾಗೆ ಸೀಟ್ ಇಡಿಯಾಕೆ ಕಿಟ್ಕೀಲಿ ಟವಲ್ ಎಸೆಯಾಕಿಲ್ವಾ? ಇಲ್ಲೂ ಅಂಗೇ. ಓಗೋರು ಪಕ್ಕದಾಗೆ ಟವಲ್ ಆಕ್ಲಿ. ಕುಂತೋರು ಬರೀ ಕುಂತ್ಕಳ್ಳಿ."

ನಾನು ಫಲಕದ ಕಾಗದವನ್ನು ಮಡಚಿಟ್ಟೆ. ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ ಟವಲ್ ಎಸೆದು ಸೀಟು ಹಿಡಿಯದವರು ನಮ್ಮ ಕಡೆ ಯಾರೂ ಇಲ್ಲ. ಟವಲಿದ್ದ ಕಡೆ ಒಬ್ಬ ಪ್ರಯಾಣಿಕನಿದ್ದಾನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಕ್ಕ ಡೈರಿಯ ಸಾಲಿನಲ್ಲಿ ಒಮ್ಮೆ ಹೇಳಿದಳು, ಅಷ್ಟೇ ಸಾಕಾಯಿತು. ಮರುದಿನ ಅವಳ ಕೆಂಪಂಚಿನ ಟವಲನ್ನು ಕಂಡು ಸ್ಕೂಟರಿನಲ್ಲಿ ಹೋಗುತ್ತಿದ್ದ ಅಂಗನವಾಡಿ ಟೀಚರಮ್ಮ ನಿಲ್ಲಿಸಿ, "ಕನಕಪುರ ತಾನೇ? ಕೂತ್ಕಳಿ" ಎಂದರು. ಅಕ್ಕ ಟವಲನ್ನು ಹೆಗಲಿಗೆ ಹಾಕಿಕೊಂಡು ಹತ್ತಿದಳು.

ಇದನ್ನೂ ಗುಂಪಿನಲ್ಲಿ ಬರೆದೆ. ಗಾಳಿಗೆ ಟವಲ್ ಹಾರಿಹೋಗುತ್ತದೆಂಬ ತೊಂದರೆಯನ್ನೂ ಸೇರಿಸಿದೆ. ಚನ್ನಪಟ್ಟಣದವನ ಹೆಬ್ಬೆರಳು ಎಂದಿನಂತೆ ತಕ್ಷಣ ಬಂತು. ಆದರೆ ಕೆಲವು ದಿನಗಳ ಮೇಲೆ ಕನಕಪುರಕ್ಕೆ ಬರುವವರೊಬ್ಬರ ಕೈಯಲ್ಲಿ ಒಂದು ಪೊಟ್ಟಣವೂ ಬಂತು. ಒಳಗೆ ಲೇತಿನಲ್ಲಿ ಕಡೆದು ಅರಗಿನ ಬಣ್ಣ ಹಾಕಿದ ಎರಡು ಮರದ ಗೂಟಗಳು, ಟವಲ್ ನೇತುಹಾಕಲು. ಒಂದು ಮಾತೂ ಬರೆದಿರಲಿಲ್ಲ. ಹಾಗಾದರೆ ಅವನು ಕೊನೆಯ ಸಾಲಿನವರೆಗೂ ಓದಿದ್ದ! ನಾನು ಅವುಗಳನ್ನು ಹೊಂಗೆಮರದ ಪಕ್ಕ ನೆಟ್ಟ ಮರದ ಕಂಬಕ್ಕೆ ಹೊಡೆಸಿ, ಚಿತ್ರ ತೆಗೆದು, ಅದನ್ನಷ್ಟೇ ಕಳಿಸಿದೆ. ಇಸ್ಪೀಟಿನ ಮಾತಿನ ಲೆಕ್ಕ ಬೇರೆ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ನಾನೂ ಗೇಟಿನಲ್ಲಿದ್ದೆ. ಅಕ್ಕನ ಟವಲ್ ಗೂಟದಲ್ಲಿತ್ತು. ಬೈಕೊಂದು ನಿಂತಿತು. ಚಿಕ್ಕಪ್ಪನ ಮಗ. ಅವನು ನನ್ನನ್ನು ನೋಡಲಿಲ್ಲ, ನಾನು ಹೊಂಗೆಯ ಎಲೆಗಳನ್ನು ನೋಡುತ್ತಾ ನಿಂತೆ.

"ಬಾ ಅಕ್ಕಯ್ಯ, ಒಸಿ ಮುಂದುಕ್ ಸರ್ಕೊಂಡು ಕುಂತ್ಕೋ."

ಅಕ್ಕ ಆಸ್ಪತ್ರೆಯ ಚೀಟಿಯನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಆಮೇಲೆ ಎದ್ದು, ಟವಲ್ ತೆಗೆದುಕೊಂಡು, ಅವನ ಹಿಂದೆ ಕೂತಳು.

ಸಂಜೆ ನಾನು ಸಿಟ್ಟಿನಿಂದಲೇ ಕೇಳಿದೆ: "ಅವ್ನ ಗಾಡಿ ಅತ್ತಿದ್ಯಲ್ಲಕ್ಕ?"

"ನಾನೇನ್ ಅವ್ನ ಕೇಳ್ದ್ನೇನ್ಲಾ?" ಎಂದಳು ಅಕ್ಕ. "ಟವಲ್ ಕೇಳ್ತು. ಅವ್ನು ನಿಲ್ಲಿಸ್ದ."

ಆ ಮನೆಗೆ ನಾನು ಇಂದಿಗೂ ಹೋಗಿಲ್ಲ. ಅಕ್ಕ ಅಂದು ಮಾತು ಮುಗಿಸಿ ಅಡುಗೆಮನೆಗೆ ಹೋದಳು. ರಾಗಿಹಿಟ್ಟಿನ ಡಬ್ಬಿ ಇಳಿಸಿಕೊಡಲೆಂದು ನಾನು ಎದ್ದೆ. ಅಷ್ಟರಲ್ಲಿ ಅವಳೇ ತುದಿಗಾಲಲ್ಲಿ ನಿಂತು, ಹಿಂದೆ ಏಳದಿದ್ದ ತೋಳನ್ನು ತಲೆಯ ಮೇಲಕ್ಕೆತ್ತಿ, ಅದನ್ನು ಇಳಿಸಿಕೊಂಡಿದ್ದಳು.